ಕಸವೆಂದು ಎಸೆದ ತಟ್ಟೆ

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಕಾಫಿ ಕುಡಿದು, "ಮೇಡಂ, ನಿಮ್ಮ ಅನುಭವ ಏನಾದರೂ ಹೇಳಿ" ಎನ್ನುತ್ತಾರೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರ ಬಸ್ಸಿಗೆ ಹೊತ್ತಾಗಿರುತ್ತದೆ. ಅದಕ್ಕೇ ಬರೆದೇ ಬಿಡೋಣವೆಂದು ಕೂತಿದ್ದೇನೆ. ಯಾವ ವರ್ಷ ಬಡ್ತಿ ಬಂತು, ಬೀಳ್ಕೊಡುಗೆಯ ದಿನ ಯಾರು ಏನು ಹೊಗಳಿದರು ಎನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಆ ದಿನ ಹೊದಿಸಿದ ಶಾಲು ಈಗ ನಮ್ಮ ಮನೆಯ ಮಿಕ್ಸಿಯ ಮೇಲಿದೆ.

ನಾನು ನಾಗರತ್ನ, ಯಳಂದೂರಿನವಳು. ಕೊಳ್ಳೇಗಾಲದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಟೆಕ್ನಿಷಿಯನ್ ಆಗಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ನನ್ನ ಹಿಂದೆ ಹುಡುಗಿಯರು ನನ್ನನ್ನು ಆಟೋಕ್ಲೇವ್ ಅನ್ನುತ್ತಿದ್ದರಂತೆ. ಅದು ನಾವು ತಟ್ಟೆ, ಬಾಟಲಿಗಳನ್ನೆಲ್ಲ ಆವಿಯಲ್ಲಿ ಬೇಯಿಸುವ ದೊಡ್ಡ ಕುಕ್ಕರು. ಯಾರು ಇಟ್ಟ ಹೆಸರೋ, ಒಪ್ಪುವಂಥದ್ದೇ.

ನಮ್ಮ ಕೆಲಸ ಏನೆಂದು ನೆಂಟರಿಷ್ಟರಿಗೆ ವಿವರಿಸಿ ಸೋತಿದ್ದೇನೆ. ರಕ್ತ ತೆಗೆಯುವವಳು ಎಂದಷ್ಟೇ ಅವರ ತಿಳುವಳಿಕೆ. ಮೈಯೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾವನ್ನು ಹೊರಗೆ ಬೆಳೆಸಿ, ಅದು ಯಾವ ಜಾತಿಯದು, ಯಾವ ಔಷಧಿಗೆ ಸಾಯುತ್ತದೆ ಎಂದು ಹೇಳುವುದು ನಮ್ಮ ಕೆಲಸ. ಕಲ್ಚರ್ ಎನ್ನುತ್ತಾರೆ. ಅಂಗೈಯಗಲದ ತಟ್ಟೆ, ಅದರಲ್ಲಿ ಗಿಣ್ಣಿನಂತೆ ಹೆಪ್ಪುಗಟ್ಟಿದ ಅಗರ್, ಅದಕ್ಕೆ ಬೆರೆಸಿದ ಕುರಿಯ ರಕ್ತ. ಬ್ಯಾಕ್ಟೀರಿಯಾಕ್ಕೆ ಅದು ಮೃಷ್ಟಾನ್ನ. ಬೆಳೆದದ್ದನ್ನು ಇನ್ನೊಂದು ತಟ್ಟೆಗೆ ಸವರಿ, ಬೇರೆ ಬೇರೆ ಆಂಟಿಬಯೋಟಿಕ್ ಅದ್ದಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಅದರ ಮೇಲೆ ಇಡುತ್ತೇವೆ. ಮರುದಿನ ಬಿಲ್ಲೆಯ ಸುತ್ತ ಬೆಳೆ ಇಲ್ಲದೆ ಉಂಗುರ ಬಿದ್ದಿದ್ದರೆ ಆ ಔಷಧಿ ನಾಟುತ್ತದೆ. ಉಂಗುರ ಬೀಳದಿದ್ದರೆ ಅದನ್ನು ರೋಗಿಗೆ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಈಗ ಇದನ್ನೆಲ್ಲ ಯಂತ್ರ ಮಾಡುತ್ತದೆ, ಕಾಗದ ತಾನೇ ಹೊರಗೆ ಬರುತ್ತದೆ. ನಾವು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಶಾಲೆಯ ಮಕ್ಕಳ ಸ್ಕೇಲಿನಿಂದ ಉಂಗುರ ಅಳೆಯುತ್ತಿದ್ದೆವು. ಮುಚ್ಚಳ ತೆಗೆದು ಮೂಸುತ್ತಲೂ ಇದ್ದೆವು. ಒಂದು ಜಾತಿಯದು ದ್ರಾಕ್ಷಿಯ ಹಾಗೆ ವಾಸನೆ ಬೀರುತ್ತದೆ. ಈಗ ಹಾಗೆ ಮೂಸಿದರೆ ನಿಮ್ಮನ್ನು ಕೆಲಸದಿಂದ ತೆಗೆಯುತ್ತಾರೆ, ಅದು ಸರಿಯೇ, ದಯವಿಟ್ಟು ಮೂಸಬೇಡಿ.

ನನಗೆ ಕೆಲಸ ಕಲಿಸಿದ ಮೊದಲ ಮೇಲಧಿಕಾರಿ ಡಾಕ್ಟರ್ ಸುಂದರೇಶ್. ಒಣಕಲು ಮನುಷ್ಯ, ನಗುವುದು ತೀರಾ ಕಡಿಮೆ. ರಾಮಾಪುರದ ಒಬ್ಬಾತ ಮೂತ್ರದ ಸ್ಯಾಂಪಲ್ಲನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ತಂದ ದಿನ ಮಾತ್ರ ಅವರು ನಕ್ಕಿದ್ದು ನೋಡಿದ್ದೇನೆ. "ಸೆಂದಾಗಿ ತೊಳ್ದಿವ್ನಿ ಸಾ, ಒಸಿನೂ ಖಾರ ಇಲ್ಲ" ಎಂದು ಆತ ಭರವಸೆ ಕೊಟ್ಟಿದ್ದ. ಸುಂದರೇಶ್ ಸರ್ ನನಗೆ ಮೊದಲ ದಿನವೇ ಹೇಳಿದ್ದು ಒಂದೇ ಮಾತು. ತಟ್ಟೆ ಮಾಡಿದ ಪ್ರತಿ ಸಲವೂ ಗೊತ್ತಿರುವ ಒಂದು ಬ್ಯಾಕ್ಟೀರಿಯಾವನ್ನು ಹಾಕಿ, ಅದು ಬೆಳೆಯುತ್ತದೆಯೇ ಎಂದು ಮೊದಲು ನೋಡು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವ ಹಾಗೆ. "ಆಮೇಲೇ ಊಟಕ್ಕೆ ಕರಿ" ಎನ್ನುತ್ತಿದ್ದರು. ಅವರಿದ್ದಷ್ಟು ಕಾಲ ನಾನು ಅಗುಳು ಹಿಸುಕದೆ ಯಾರನ್ನೂ ಊಟಕ್ಕೆ ಕರೆಯಲಿಲ್ಲ.

ನಾನು ಸೇರಿದ ಕಾಲದಲ್ಲಿ ಬಿಲ್ಲೆಗಳ ಸುತ್ತ ಉಂಗುರಗಳು ಧಾರಾಳವಾಗಿ ಬೀಳುತ್ತಿದ್ದವು. ಹಳೆಯ ಅಗ್ಗದ ಔಷಧಿಗಳೂ ನಾಟುತ್ತಿದ್ದವು. ಬರಬರುತ್ತಾ ಉಂಗುರಗಳು ಸಣ್ಣವಾದವು, ಆಮೇಲೆ ಕೆಲವು ಬಿಲ್ಲೆಗಳ ಸುತ್ತ ಇಲ್ಲವೇ ಇಲ್ಲ. ಅದರಲ್ಲೂ ಲಿವರ್ ಕ್ಯಾನ್ಸರಿನವರ ರಕ್ತದಿಂದ ಬೆಳೆದ ತಟ್ಟೆಗಳಲ್ಲಿ ಉಂಗುರವನ್ನು ಹುಡುಕಬೇಕಾಗುತ್ತಿತ್ತು. ಕರುಳಿನಿಂದ ಬರುವ ರಕ್ತವನ್ನೆಲ್ಲ ಸೋಸುವುದು ಲಿವರ್. ಅದೇ ಕೆಟ್ಟರೆ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುವುದು ಸುಲಭ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಆ ನೀರು ತೆಗೆಸಲು ಆಸ್ಪತ್ರೆಗೆ ಬರಬೇಕು, ಬಂದಾಗಲೆಲ್ಲ ಜ್ವರ, ಜ್ವರಕ್ಕೊಂದು ಆಂಟಿಬಯೋಟಿಕ್. ಪ್ರತಿ ಸಲವೂ ಮೆತ್ತನೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಗಟ್ಟಿಯವು ಉಳಿದು ಸಂಸಾರ ಬೆಳೆಸುತ್ತವೆ. ಇಂಥವರ ಪೈಕಿ ನನ್ನ ಮನಸ್ಸಿನಲ್ಲಿ ನಿಂತವರು ಬಂಡಳ್ಳಿಯ ಗುರುಮಲ್ಲಪ್ಪ.

ಐವತ್ತೈದರ ಆಸುಪಾಸಿನ ರೈತ, ಹಣೆಯಲ್ಲಿ ವಿಭೂತಿ, ಮೆತ್ತಗೆ ಮಾತು. ಎಂದೋ ಸೇರಿಕೊಂಡ ಕಾಮಾಲೆಯ ವೈರಸ್ಸು ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಲಿವರಿನಲ್ಲಿ ಗಡ್ಡೆ ಎಬ್ಬಿಸಿತ್ತು. ಹೆಂಡತಿ ಮಹದೇವಮ್ಮನಿಗೆ ಕಾಯಿಲೆಗಿಂತ ಊರ ಬಾಯಿಯದೇ ಸಂಕಟ. ರಕ್ತ ತೆಗೆಯಲು ನಾನು ಮೊದಲ ಸಲ ವಾರ್ಡಿಗೆ ಹೋದಾಗ, ಕೇಳದಿದ್ದರೂ ಆಕೆಯೇ ಹೇಳಿದಳು: "ಲಿವರ್ರು ಅಂದೇಟ್ಗೆ ಎಲ್ರೂ ಕುಡುಕ ಅಂತಾರೆ ಕಣಕ್ಕಾ. ನಮ್ಮ್ ಯಜಮಾನ್ರು ಒಂದ್ ತೊಟ್ಟು ಬಾಯ್ಗೆ ಇಟ್ಟೋರಲ್ಲ. ಮಾದಪ್ಪನಾಣೆ."

"ನಂಗೊತ್ತು ಮಹದೇವಮ್ಮ. ಇದು ವೈರಸ್ಸಿಂದ ಬಂದಿರೋದು. ಯಾರಾದರೂ ಕೇಳಿದರೆ ನನ್ನ ಹತ್ರ ಕಳಿಸು" ಎಂದೆ.

ಅಂದಿನಿಂದ ಆಕೆಗೆ ನಾನು ಅಕ್ಕ.

ಮೈಸೂರಿನ ವೈದ್ಯರು ಗಡ್ಡೆಗೆ ಹೋಗುವ ರಕ್ತನಾಳದೊಳಗೇ ಔಷಧಿ ಬಿಟ್ಟು ಅದನ್ನು ಬಾಡಿಸುವ ಚಿಕಿತ್ಸೆ ಮಾಡುವುದಾಗಿ ಒಪ್ಪಿದ್ದರು. ಒಂದೇ ಷರತ್ತು, ಜ್ವರ ಪೂರ್ತಿ ಬಿಟ್ಟಿರಬೇಕು. ಸೋಂಕು ಇರುವವರಿಗೆ ಅದನ್ನು ಮಾಡಿದರೆ ಪ್ರಾಣಕ್ಕೇ ಅಪಾಯ. ತಡ ಮಾಡಿದರೆ ಗಡ್ಡೆ ಬೆಳೆದು ಚಿಕಿತ್ಸೆಯ ಅವಕಾಶವೇ ತಪ್ಪಿಹೋಗುತ್ತದೆ. ಎರಡು ವಾರದ ಆಚೆಗೆ ದಿನ ಕೊಟ್ಟಿದ್ದರು. ಗುರುಮಲ್ಲಪ್ಪನವರ ಜ್ವರ ಮಾತ್ರ ಬೆಳಗ್ಗೆ ಇಳಿದರೆ ಸಂಜೆ ಏರುತ್ತಿತ್ತು.

ಬರುವ ಮುಂಚೆ ಏನಾದರೂ ಔಷಧಿ ಕೊಟ್ಟಿದ್ದೆಯಾ ಎಂದು ಕೇಳಿದೆ. ಮಹದೇವಮ್ಮ ಸೆರಗಿನ ಮರೆಯಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದಳು. ಒಳಗೆ ಅರ್ಧ ಖಾಲಿಯಾದ ಮಾತ್ರೆಯ ಹಾಳೆಗಳು, ಹಿಂದಿನ ನಾಲ್ಕೈದು ಸಲ ಆಸ್ಪತ್ರೆಯಿಂದ ಬರೆದುಕೊಟ್ಟ ಆಂಟಿಬಯೋಟಿಕ್‌ಗಳು.

"ಜರ ನಿಂತೇಟ್ಗೆ ಮಿಕ್ಕಿದ್ದ ಎತ್ತಿ ಮಡ್ಗಿವ್ನಿ ಕಣಕ್ಕಾ. ಮತ್ತೆ ಮೈ ಬಿಸಿ ಆದ್ರೆ ಎಲ್ಡ್ ಕೊಡ್ತೀನಿ, ಇಳೀತದೆ. ಸುಮ್ಕೆ ದಂಡ ಮಾಡ್ಬಾರ್ದು ಅಲ್ವಾ?"

ಬೈಯಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಅನ್ನದ ಅಗುಳನ್ನೂ ಚೆಲ್ಲದ ಕೈ ಅದು, ಮಾತ್ರೆ ಚೆಲ್ಲುತ್ತದೆಯೇ? ಹಾಳೆ ಮುಗಿಯುವವರೆಗೆ ನುಂಗಿಸಬೇಕು, ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಕಲಿತುಬಿಡುತ್ತವೆ ಎಂದು ಆಕೆಗೆ ಕೂರಿಸಿ ಹೇಳಿದವರು ಯಾರೂ ಇರಲಿಲ್ಲ. ನಾವೂ ಹೇಳಿರಲಿಲ್ಲ. ಡಬ್ಬಿಯನ್ನು ಡಾಕ್ಟರಿಗೆ ತೋರಿಸಿ, ಎರಡು ಬಾಟಲಿಗಳಿಗೆ ರಕ್ತ ತೆಗೆದುಕೊಂಡು ಬಂದೆ.

ಇನ್ನು ನನ್ನ ತಪ್ಪಿನ ಕಥೆ. ಇದನ್ನು ಬರೆಯಲೆಂದೇ ಉಳಿದದ್ದನ್ನೆಲ್ಲ ಬರೆದೆನೋ ಏನೋ.

ಆ ವಾರ ಲ್ಯಾಬಿನ ಗುಣಮಟ್ಟ ಪರೀಕ್ಷಿಸುವ ತಂಡ ಬರುವುದಿತ್ತು. ನಾನು ರಿಜಿಸ್ಟರುಗಳಿಗೆ ಗೆರೆ ಎಳೆಯುತ್ತಾ, ಬಿಟ್ಟುಹೋದ ಸಹಿಗಳನ್ನು ಹುಡುಕುತ್ತಾ ಮುಳುಗಿದ್ದೆ. ಹೊಸದಾಗಿ ರಕ್ತದ ತಟ್ಟೆಗಳನ್ನು ಮಾಡಿದೆವು. ಗೊತ್ತಿರುವ ಬ್ಯಾಕ್ಟೀರಿಯಾ ಹಾಕಿ ನೋಡುವುದಕ್ಕೆ ಪುರುಸೊತ್ತಾಗಲಿಲ್ಲ. ಆದರೂ ರಿಜಿಸ್ಟರಿನ ಆ ಕಾಲಂನಲ್ಲಿ "ಬೆಳೆದಿದೆ" ಎಂದು ಗುರುತು ಹಾಕಿಬಿಟ್ಟೆ. ಇಷ್ಟು ವರ್ಷ ಬೆಳೆದದ್ದು ಈ ಸಲ ಬೆಳೆಯದೆ ಎಲ್ಲಿ ಹೋದೀತು ಎಂಬ ಸೊಕ್ಕು. ಗುಣಮಟ್ಟ ತೋರಿಸುವ ಗಡಿಬಿಡಿಯಲ್ಲೇ ಗುಣಮಟ್ಟವನ್ನು ಗಾಳಿಗೆ ತೂರಿದೆ.

ಇನ್ನೊಂದು ಬಗೆಯ ತಟ್ಟೆ ಮಾಡುವ ಪುಡಿ ಆ ವಾರ ಮುಗಿದುಹೋಗಿತ್ತು, ರಕ್ತದ ತಟ್ಟೆಯೊಂದೇ ಗತಿ. ಸ್ಯಾಂಪಲ್ಲುಗಳನ್ನು ಹಾಕಿದೆವು. ಮರುದಿನ ನೋಡಿದರೆ ತಟ್ಟೆಗಳೆಲ್ಲ ಸ್ವಚ್ಛ. ಅದರ ಮರುದಿನವೂ ಹಾಗೇ. "ಬೆಳವಣಿಗೆ ಇಲ್ಲ" ಎಂದು ಒಂದರ ಹಿಂದೊಂದು ರಿಪೋರ್ಟು ಬರೆದೆ. ಕೊಳ್ಳೇಗಾಲಕ್ಕೆ ಒಮ್ಮೆಲೇ ಆರೋಗ್ಯ ಬಂತೇ ಎಂದು ತಮಾಷೆ ಬೇರೆ ಮಾಡಿದೆ. ಬೆಳೆದದ್ದು ಒಂದೇ ತಟ್ಟೆಯಲ್ಲಿ. ಅದು ಗುರುಮಲ್ಲಪ್ಪನವರದ್ದು, ಅದೂ ಎರಡು ಬಾಟಲಿಗಳ ಪೈಕಿ ಒಂದರಿಂದ ಮಾತ್ರ.

ಎಲ್ಲರದೂ ಸ್ವಚ್ಛ, ಇವರೊಬ್ಬರದ್ದೇ ಬೆಳೆದಿದೆ ಎಂದರೆ ಹೊರಗಿನ ಕೊಳೆ ಸೇರಿರಬೇಕು ಎಂದುಕೊಂಡೆ. ಹಾಗೆ ಸೇರುವುದುಂಟು, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೂಜಿಯ ಜೊತೆ ಒಳಗೆ ಬರುತ್ತದೆ. ಆದರೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಒಂದು ಸಲ ನೋಡಿದ್ದರೆ ಸಾಕಿತ್ತು, ಇದು ಚರ್ಮದ್ದಲ್ಲ, ಕರುಳಿನದು ಎಂದು ಗೊತ್ತಾಗುತ್ತಿತ್ತು. ನೋಡಲಿಲ್ಲ. ತಟ್ಟೆಯನ್ನು ಕಸದ ಕೆಂಪು ಚೀಲಕ್ಕೆ ಹಾಕಿ, "ಮತ್ತೊಮ್ಮೆ ರಕ್ತ ಕಳಿಸಿ" ಎಂದು ಬರೆದೆ. ತಂಡದವರು ಬಂದರು, ರಿಜಿಸ್ಟರುಗಳು ಚೆನ್ನಾಗಿವೆ ಎಂದು ಹೊಗಳಿ ಹೋದರು.

ಎರಡು ದಿನ ಕಳೆದು ಎರಡನೇ ಸಲದ ರಕ್ತದಲ್ಲಿ, ಈ ಬಾರಿ ಎರಡೂ ಬಾಟಲಿಗಳಲ್ಲಿ, ಅದೇ ಬೆಳೆಯಿತು. ಬಣ್ಣ ಹಾಕಿ ನೋಡಿದೆ. ಕರುಳಿನ ಜಾತಿಯೇ. ಇವರದ್ದು ನಿಜವಾದರೆ ಉಳಿದವರೆಲ್ಲರ ತಟ್ಟೆ ಯಾಕೆ ಖಾಲಿ? ಆಗ ಹೋಗಿ, ವಾರದ ಹಿಂದೆ ಮಾಡಬೇಕಿದ್ದ ಕೆಲಸ ಮಾಡಿದೆ. ಗೊತ್ತಿರುವ ಬ್ಯಾಕ್ಟೀರಿಯಾವನ್ನು ಅದೇ ತಟ್ಟೆಗೆ ಹಾಕಿಟ್ಟೆ. ಮರುದಿನ ಅಲ್ಲಿ ಏನೂ ಬೆಳೆದಿರಲಿಲ್ಲ. ನಮ್ಮ ತಟ್ಟೆಯೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಿತ್ತು.

ನಮಗೆ ಕುರಿಯ ರಕ್ತ ಬರುತ್ತಿದ್ದುದು ಯಳಂದೂರಿನ ಹತ್ತಿರ ಕುರಿ ಸಾಕುವ ಸಿದ್ದಪ್ಪನಿಂದ. ಕುರಿಗೆ ನೋವಾಗದ ಹಾಗೆ ಕತ್ತಿನ ನರದಿಂದ ಸ್ವಲ್ಪವೇ ರಕ್ತ ತೆಗೆದು ತರುತ್ತಿದ್ದೆವು. ನೇರವಾಗಿ ಅವನ ಹಟ್ಟಿಗೆ ಹೋದೆ.

"ಸಿದ್ದಪ್ಪ, ಹೋದ ಸಲ ರಕ್ತ ಕೊಟ್ಟ ಕುರಿಗೆ ಏನಾದರೂ ಔಷಧಿ ಹಾಕಿದ್ಯಾ?"

ಅವನ ಮುಖ ಅರಳಿತು. "ಊ ಕಣಕ್ಕಾ! ಕೆಂಚಿ ಕಾಲು ಕುಂಟ್ತಿತ್ತು. ನೀವು ರಕ್ತ ತಗಿಯಾಕೆ ಬತ್ತೀರಿ ಅಂತ ಬೆಳಿಗ್ಗೆನೇ ಎಲ್ಡ್ ಸೂಜಿ ಆಕ್ಸ್ದೆ, ಒಳ್ಳೆ ಪವರಿಂದು. ಆಸ್ಪತ್ರೆಗೆ ಓಗೋ ರಕ್ತ, ಸೆಂದಾಗಿರ್ಲಿ ಅಂತ."

ಎರಡೂ ಆಂಟಿಬಯೋಟಿಕ್. ಒಂದರ ಜಾಗದಲ್ಲಿ ಎರಡು. ಕೆಂಚಿಯ ರಕ್ತದಲ್ಲಿ ಹರಿದ ಔಷಧಿ ನಮ್ಮ ತಟ್ಟೆಗಳಿಗೆ ಬಂದು, ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾವನ್ನೆಲ್ಲ ಅಲ್ಲೇ ಕೊಂದಿತ್ತು. ಬಗ್ಗದ್ದು ಒಂದೇ ಒಂದು, ಗುರುಮಲ್ಲಪ್ಪನವರದ್ದು. ಅದು ಅಷ್ಟು ಗಟ್ಟಿಯಾದ್ದರಿಂದಲೇ ಬೆಳೆದು ನನ್ನ ಕಣ್ಣೆದುರು ನಿಂತಿತ್ತು. ನಾನು ಅದನ್ನೇ ಕಸ ಅಂದೆ. ಸಿದ್ದಪ್ಪನ ಮೇಲೆ ನನಗೆ ಸಿಟ್ಟೇ ಬರಲಿಲ್ಲ. ಕೇಳಿಕೊಂಡು ರಕ್ತ ತೆಗೆಯಬೇಕಾದವರು ನಾವು. ಅವನು ಪ್ರೀತಿಯಿಂದ ಮಾಡಿದ, ಮಹದೇವಮ್ಮ ಡಬ್ಬಿ ತುಂಬಿಸಿದ ಹಾಗೆಯೇ.

ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ವಾಪಸಾಗುವಾಗ ಏನೇನೋ ಯೋಚನೆ ಬಂತೆಂದು ಮುಚ್ಚಿಡುವುದಿಲ್ಲ. ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲ ಇತ್ತು. ಎರಡನೇ ರಿಪೋರ್ಟು ಸರಿಯಾಗಿ ಕೊಟ್ಟರೆ ಮೊದಲನೆಯದನ್ನು ಯಾರೂ ಕೇಳುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯೂ ತಲೆಗೆ ಬಂತು. ಆದರೆ ಉಳಿದವರ ಸುಳ್ಳು ರಿಪೋರ್ಟುಗಳು ವಾರ್ಡುಗಳಲ್ಲಿ ಹರಿದಾಡುತ್ತಿದ್ದವು. ಸೀದಾ ಲ್ಯಾಬಿನ ಆಗಿನ ಮೇಲಧಿಕಾರಿ ಡಾಕ್ಟರ್ ಶೋಭಾ ಅವರ ಕೋಣೆಗೆ ಹೋದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ರಿಜಿಸ್ಟರಿನ ಸುಳ್ಳು ಗುರುತಿನವರೆಗೂ ಎಲ್ಲವನ್ನೂ ಹೇಳಿದೆ.

ಅವರು ರಿಜಿಸ್ಟರು ತರಿಸಿ ಆ ಗುರುತನ್ನು ನೋಡಿದರು. "ಮೊದಲು ರಿಪೋರ್ಟೆಲ್ಲ ವಾಪಸ್ ತರಿಸೋಣ, ಎಲ್ಲರದೂ ಮತ್ತೆ ಸ್ಯಾಂಪಲ್ ತಗೊಳ್ಳಲಿ. ನಿಮಗೆ ಮೆಮೋ ಕೊಡಬೇಕಾಗುತ್ತೆ, ನಾಗರತ್ನಮ್ಮ."

"ಕೊಡಿ ಮೇಡಂ. ಬಂಡಳ್ಳಿಯವರಿಗೆ ಮಾತ್ರ ನಾನೇ ಹೇಳ್ತೀನಿ."

"ನೀವು ಹೇಳಲೇಬೇಕು ಅಂತಿಲ್ಲ."

"ಗೊತ್ತು ಮೇಡಂ."

ವಾರ್ಡಿನಲ್ಲಿ ಗುರುಮಲ್ಲಪ್ಪ ಕಣ್ಣು ಮುಚ್ಚಿ ಮಲಗಿದ್ದರು, ತುಟಿ ಒಣಗಿತ್ತು. ಮಹದೇವಮ್ಮ ಒದ್ದೆ ಬಟ್ಟೆಯಿಂದ ಅವರ ಕಾಲು ಒರೆಸುತ್ತಿದ್ದಳು. ಆಕೆಯನ್ನು ಹೊರಗೆ ಕರೆದು, ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಸುತ್ತಿ ಬಳಸದೆ ಹೇಳಿದೆ. ನಿಮ್ಮ ಯಜಮಾನರ ರಕ್ತದಲ್ಲಿ ರೋಗ ಸಿಕ್ಕಿತ್ತು, ನಾನು ಸರಿಯಾಗಿ ನೋಡದೆ ಎಸೆದೆ, ಎರಡು ದಿನ ವ್ಯರ್ಥ ಆಯಿತು, ಅದು ನನ್ನ ತಪ್ಪು.

ಆಕೆ ನನ್ನ ಮುಖವನ್ನೇ ನೋಡಿದಳು. "ಎಲ್ಡ್ ದಿನ್ದಿಂದ ಉರಿಯೋ ಮೈ ಒರೆಸ್ತಾ ಕೂತಿವ್ನಿ ಕಣಕ್ಕಾ" ಎಂದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಆಮೇಲೆ ಬಹಳ ಹೊತ್ತು ಅತ್ತಳು, ನಾನೂ ಅತ್ತೆ. ಕೊನೆಗೆ ಸೆರಗಿನಿಂದ ಮೂಗೊರೆಸಿಕೊಂಡು, "ಈಗ ಮದ್ದು ಸಿಕ್ತದಾ?" ಎಂದು ಕೇಳಿದಳು.

"ನಾಳೆ ಬೆಳಗ್ಗೆ ಗೊತ್ತಾಗುತ್ತೆ. ಮೊದಲು ನಿನಗೇ ಬಂದು ಹೇಳ್ತೀನಿ."

ಅಷ್ಟರಲ್ಲಿ ಬಂದ ಹೊಸ ಪುಡಿಯಿಂದ ಮಾಡಿದ, ಕುರಿಯ ರಕ್ತವಿಲ್ಲದ ತಟ್ಟೆಗೆ ಸವರಿ ಬಿಲ್ಲೆಗಳನ್ನು ಇಟ್ಟಿದ್ದೆ. ಮರುದಿನ ಅದನ್ನು ಕಿಟಕಿಗೆ ಹಿಡಿದಾಗ ಒಂದಾದ ಮೇಲೊಂದು ಬಿಲ್ಲೆಯ ಅಂಚಿನವರೆಗೂ ಬೆಳೆ ಒತ್ತಾಗಿ ಬಂದಿತ್ತು. ದುಬಾರಿ ಔಷಧಿಗಳೂ ಸೋತಿದ್ದವು. ಒಂದೇ ಒಂದು ಬಿಲ್ಲೆಯ ಸುತ್ತ ಉಂಗುರ ಬಿದ್ದಿತ್ತು. ಹಳೆಯ ಔಷಧಿ, ಮೂತ್ರಪಿಂಡಕ್ಕೆ ಹೊಡೆತ ಕೊಡುವಂಥದ್ದು, ಅಳತೆ ಸ್ವಲ್ಪವೂ ತಪ್ಪಬಾರದು. ಸ್ಕೇಲಿನಿಂದ ಅಳೆದೆ, ಡಾಕ್ಟರ್ ಶೋಭಾ ಅಳೆದರು, ಮತ್ತೆ ನಾನು ಅಳೆದೆ. ಆ ಔಷಧಿ ಶುರುವಾಯಿತು. ನಾಲ್ಕನೇ ದಿನ ಸಂಜೆ ಗುರುಮಲ್ಲಪ್ಪನವರಿಗೆ ಜ್ವರ ಏರಲಿಲ್ಲ. ಐದನೇ ದಿನ "ಒಸಿ ಮಜ್ಜಿಗೆ ಕೊಡ್ತೀಯಾ?" ಎಂದು ಕೇಳಿದರಂತೆ. ಅದನ್ನು ಹೇಳಲು ಮಹದೇವಮ್ಮ ಲ್ಯಾಬಿನವರೆಗೂ ಓಡಿಬಂದಳು. ಮೈಸೂರಿನವರು ಕೊಟ್ಟ ದಿನ ದಾಟಿತ್ತು, ಡಾಕ್ಟರ್ ಶೋಭಾ ಫೋನಿನ ಮೇಲೆ ಫೋನು ಮಾಡಿ ಇನ್ನೊಂದು ದಿನ ಕೊಡಿಸಿದರು. ಚಿಕಿತ್ಸೆ ಆಯಿತು. ಗಡ್ಡೆ ಬಾಡಿತು ಎಂದು ಸುದ್ದಿ ಬಂದಾಗ ನಾನು ಮೆಮೋಗೆ ಉತ್ತರ ಬರೆಯುತ್ತಿದ್ದೆ, ಅಷ್ಟು ಸಂತೋಷದಿಂದ ಯಾರೂ ತಪ್ಪೊಪ್ಪಿಗೆ ಬರೆದಿರಲಿಕ್ಕಿಲ್ಲ. ಅಂದಿನಿಂದ ಕುರಿಯ ರಕ್ತ ತೆಗೆಯುವ ಮುಂಚೆ ಕೇಳಬೇಕಾದ ಪ್ರಶ್ನೆಗಳ ಹಾಳೆಯೊಂದನ್ನು ನಾನೇ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿದೆ.

ಒಂದು ವರ್ಷಕ್ಕೂ ಹೆಚ್ಚು ಕಾಲ ಗುರುಮಲ್ಲಪ್ಪ ಚೆನ್ನಾಗಿದ್ದರು. ರಾಗಿ ಬಿತ್ತಿದರು, ಕೊಯ್ದರು. ತಪಾಸಣೆಗೆ ಬಂದಾಗಲೆಲ್ಲ ನಮ್ಮ ಬಾಗಿಲಲ್ಲಿ ನಿಂತು, "ನನ್ನ ಉಳ ಎಂಗದೆ ಅಕ್ಕಾರೆ, ಸತ್ತದಾ?" ಎಂದು ಛೇಡಿಸುತ್ತಿದ್ದರು. ಮಹದೇವಮ್ಮ ಮಾತ್ರೆಯ ಹಾಳೆಗಳನ್ನು ಮುಗಿಸಿ, ಖಾಲಿ ಹಾಳೆಗಳನ್ನು ತಂದು ನನಗೆ ತೋರಿಸುತ್ತಿದ್ದಳು, ನಾನು ಕೇಳದಿದ್ದರೂ.

ನಾನು ನಿವೃತ್ತಳಾಗುವ ಕೊನೆಯ ತಿಂಗಳಲ್ಲಿ ಅವರು ಮತ್ತೆ ವಾರ್ಡಿಗೆ ಬಂದರು. ಗಡ್ಡೆ ಲಿವರಿನ ತುಂಬ ಹರಡಿತ್ತು, ಕಣ್ಣು ಅರಿಶಿನವಾಗಿತ್ತು, ಜ್ವರ. ರಕ್ತ ನಾನೇ ತೆಗೆದೆ. ತಟ್ಟೆಗಳನ್ನು ನಾನೇ ಮಾಡಿದೆ, ಅಗುಳು ಹಿಸುಕಿ ನೋಡಿದ ಮೇಲೇ ಬಳಸಿದೆ. ಮೂರನೇ ದಿನ ಕಿಟಕಿಗೆ ಹಿಡಿದು ನೋಡಿದರೆ ಯಾವ ಬಿಲ್ಲೆಯ ಸುತ್ತಲೂ ಉಂಗುರ ಇರಲಿಲ್ಲ. ಹೊಸ ಯಂತ್ರಕ್ಕೂ ಹಾಕಿದೆವು, ಅದೂ ಅದನ್ನೇ ಹೇಳಿತು. ಮೈಸೂರಿಗೆ ಕಳಿಸಿ ನೋಡಿದೆವು, ಅಲ್ಲಿಂದಲೂ ಅದೇ ಉತ್ತರ ಬಂತು. ವಾರ್ಡಿನ ಡಾಕ್ಟರು ಬೇಕಿದ್ದರೆ ದೊಡ್ಡ ಊರಿಗೆ ಕರೆದೊಯ್ದು ಐಸಿಯುವಿನಲ್ಲಿ ಇಡಬಹುದು, ಆದರೆ ನಾಟುವ ಔಷಧಿ ಅಲ್ಲೂ ಇಲ್ಲ ಎಂದು ಮಹದೇವಮ್ಮನಿಗೆ ತಿಳಿಸಿದ್ದರು. ನೆಂಟರು ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆಯುತ್ತಿದ್ದರು. ಆಕೆ ಅವರನ್ನೆಲ್ಲ ಬಿಟ್ಟು ಲ್ಯಾಬಿನ ಬಾಗಿಲಿಗೆ ಬಂದು ನಿಂತಳು.

"ನೀನು ನೋಡ್ದ್ಯಾ ಅಕ್ಕಾ?"

"ನೋಡ್ದೆ. ಮೂರು ಸಲ ನೋಡ್ದೆ, ಮಹದೇವಮ್ಮ."

"ಒಂದೂ ಇಲ್ವಾ?"

"ಒಂದೂ ಇಲ್ಲ."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

"ಬೇರೆಯೋರು ಏಳಿದ್ರೆ ಇನ್ನೊಂದ್ ಕಡೆ ತೋರ್ಸಾನ ಅಂತ ಓಡಾಡ್ತಿದ್ದೆ. ನೀನು ತಪ್ಪಾದಾಗ ತಪ್ಪಾಯ್ತು ಅಂದೋಳು. ನೀನು ಇಲ್ಲ ಅಂದ್ರೆ ಇಲ್ಲ ಕಣಕ್ಕಾ." ಸೆರಗು ಸರಿಮಾಡಿಕೊಂಡಳು. "ಬುಡು. ಸೂಜಿ, ಪೈಪು ಎಲ್ಲಾ ತಗ್ಸು ಅಂತ ಏಳು. ಬಂಡಳ್ಳಿಗೆ ಕರ್ಕಂಡೋಯ್ತೀನಿ. ನಮ್ಮ್ ಜಗುಲಿ ಮ್ಯಾಲೆ ಮನಿಕ್ಕಳ್ಳಿ."

ಗುರುಮಲ್ಲಪ್ಪನವರ ಕೈಯಿಂದ ಸೂಜಿಯನ್ನು ನಾನೇ ತೆಗೆದೆ.